ಬಯಲಿನಲ್ಲಿ ಹುಟ್ಟಿದ ಬೆಟ್ಟದ ಜಿಗಿತ

ಮೌಂಟೇನ್ ಬೈಕಿನ ಜಿಗಿತಗಳು ಬೆಟ್ಟದಲ್ಲಿ ಹುಟ್ಟಿದವಲ್ಲ. 1963ರಲ್ಲಿ ಷ್ವಿನ್ ಕಂಪನಿ ಹೊರತಂದ ಗಿಡ್ಡ ಸೈಕಲ್ಲು ಸ್ಟಿಂಗ್‌ರೇ ಏರಿ, ಮಣ್ಣುಹಾದಿಯ ಮೋಟಾರ್‌ಸೈಕಲ್ ಓಟವಾದ ಮೋಟೋಕ್ರಾಸ್‌ನ ಸವಾರರನ್ನು ಅನುಕರಿಸುತ್ತ, ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಖಾಲಿ ಜಾಗಗಳಲ್ಲಿ ಮಣ್ಣು ಗುಡ್ಡೆಹಾಕಿ ಹಾರತೊಡಗಿದ್ದರಿಂದ 1970ರ ದಶಕದ ಆರಂಭದಲ್ಲಿ ಬಿಎಂಎಕ್ಸ್ (ಬೈಸಿಕಲ್ ಮೋಟೋಕ್ರಾಸ್) ರೂಪುಗೊಂಡಿತು. ಅದೇ ರಾಜ್ಯದ ಮರಿನ್ ಕೌಂಟಿಯಲ್ಲಿ 1976ರ ಅಕ್ಟೋಬರ್ 21ರಂದು ಆರಂಭವಾದ ರಿಪ್ಯಾಕ್ ಸ್ಪರ್ಧೆಯಲ್ಲಿ ಮುಖ್ಯವಾದದ್ದು ಜಿಗಿತವಲ್ಲ, ಇಳುಕಲಿನ ವೇಗ. ಹಿಂಚಕ್ರದ ಬ್ರೇಕಿನ ಗ್ರೀಸ್ ಕಾದು ಹೊಗೆಯಾಗಿ, ಮತ್ತೆ ತುಂಬಬೇಕಾಗುತ್ತಿದ್ದುದರಿಂದ ಆ ಹೆಸರು ಬಂದಿತು. ಬೆಟ್ಟದ ಸೈಕಲ್ಲು ಹಾರಲು ಕಲಿತದ್ದು ಬಿಎಂಎಕ್ಸ್‌ನಿಂದ.

ಈ ಕಲೆಯ ಆಡುಮಾತು ಹಾರಾಟಕ್ಕಿಂತ ಇಳಿತವನ್ನೇ ಹೆಚ್ಚು ಸುತ್ತುತ್ತದೆ. ಸೈಕಲ್ಲನ್ನು ಮೇಲಕ್ಕೆ ಚಿಮ್ಮಿಸುವ ದಿಬ್ಬದ ತುದಿ ‘ಲಿಪ್’; ಏರುದಿಬ್ಬಕ್ಕೂ ಇಳಿದಿಬ್ಬಕ್ಕೂ ನಡುವೆ ಮಣ್ಣು ತುಂಬಿ ಮಟ್ಟಮಾಡಿದರೆ ‘ಟೇಬಲ್‌ಟಾಪ್’, ಹಳ್ಳ ಬಿಟ್ಟರೆ ‘ಡಬಲ್’. ಜಿಗಿತ ಸಾಲದೆ ಹಿಂಚಕ್ರ ಇಳಿದಿಬ್ಬದ ಅಂಚಿಗೆ ಬಡಿಯುವುದು ‘ಕೇಸ್’, ಗಾಳಿಯಲ್ಲಿ ಮೈ ಸೆಟೆದು ಹಿಡಿತ ತಪ್ಪುವುದು ‘ಡೆಡ್ ಸೈಲರ್’, ಇಳಿಜಾರಿಲ್ಲದ ನೆಲಕ್ಕೆ ಬಂದು ಬೀಳುವುದು ‘ಹಕ್ ಟು ಫ್ಲಾಟ್’. ಈ ಕೊನೆಯದು ಏಕೆ ಅಪಾಯಕರವೆಂಬುದು ಲೆಕ್ಕದಿಂದಲೇ ತಿಳಿಯುತ್ತದೆ: ಒಂದು ಮೀಟರ್ ಎತ್ತರದಿಂದ ಬಿದ್ದವನ ಕೆಳಮುಖ ವೇಗ ಗಂಟೆಗೆ ಸುಮಾರು 16 ಕಿಲೋಮೀಟರ್ ಆಗಿರುತ್ತದೆ, ಮಟ್ಟನೆಲ ಅದನ್ನು ಒಮ್ಮೆಲೇ ತಡೆಯುತ್ತದೆ, ಇಳಿಜಾರಾದರೋ ತನ್ನ ಮೈಗೆ ನೇರವಾಗಿ ಒತ್ತುವ ಪಾಲನ್ನಷ್ಟೇ ತಡೆದು ಉಳಿದದ್ದನ್ನು ಮುಂದಕ್ಕೆ ಹರಿಯಬಿಡುತ್ತದೆ. ಆದ್ದರಿಂದ ನುರಿತ ಸವಾರರು ಕಣ್ಣನ್ನು ಇಳಿದಿಬ್ಬದ ಮೇಲೆ ನೆಟ್ಟು, ಸೈಕಲ್ಲಿನ ಓರೆಯನ್ನು ಅದಕ್ಕೆ ಹೊಂದಿಸಿ, ಹಿಮ್ಮಡಿ ತಗ್ಗಿಸಿ, ಕೈಕಾಲುಗಳನ್ನು ತುಸು ಚಾಚಿಕೊಂಡು ನೆಲ ಮುಟ್ಟುತ್ತಾರೆ. ಮುಟ್ಟಿದೊಡನೆ ಮಂಡಿ, ಮೊಣಕೈಗಳು ಮಡಿದು ಹೊಡೆತವನ್ನು ನುಂಗಿಕೊಳ್ಳುತ್ತವೆ. ಗಾಳಿಯಲ್ಲಿರುವಾಗ ಹಿಂಬ್ರೇಕ್ ಹಿಡಿದರೆ ಚಕ್ರದ ತಿರುಗುಬಲ ಚೌಕಟ್ಟಿಗೆ ವರ್ಗವಾಗಿ ಸೈಕಲ್ಲಿನ ಮುಂಭಾಗ ಕೆಳಗೆ ಬಾಗುತ್ತದೆ. ಅನುಭವಿಗಳಿಗೆ ಇದು ಉಪಾಯ, ಗಾಬರಿಯಲ್ಲಿ ಬ್ರೇಕ್ ಅಮುಕುವ ಹೊಸಬರಿಗೆ ಕಂಟಕ. 1989ರ ಸುಮಾರಿಗೆ ರಾಕ್‌ಶಾಕ್ಸ್ ತಂದ, ಆಘಾತ ತಗ್ಗಿಸುವ ಫೋರ್ಕ್ ಕೈಗಳ ನೋವನ್ನು ಕಡಿಮೆ ಮಾಡಿತಾದರೂ ಇಳಿದಿಬ್ಬದ ಅಗತ್ಯವನ್ನು ಇಲ್ಲವಾಗಿಸಲಿಲ್ಲ.

ಕರ್ನಾಟಕದಲ್ಲಿ ಸೈಕ್ಲಿಂಗ್‌ಗೆ ಹೆಸರಾದವು ವಿಜಯಪುರ, ಬಾಗಲಕೋಟೆ ಜಿಲ್ಲೆಗಳು. 2022ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ಗದಗ ಸಮೀಪದ ಬಿಂಕದಕಟ್ಟಿಯಲ್ಲಿ. ನಂಜನಗೂಡು ಸೀಮೆಯ ತಗಡೂರಿನಂಥ ಊರಿಗೆ ಆ ಹೆಸರಿಲ್ಲ; ಅದು ಚರಿತ್ರೆಯಲ್ಲಿ ನೆಲೆಗೊಂಡಿರುವುದು ಖಾದಿಯಿಂದ, ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರ ಹೆಸರಿನಿಂದ. ಆದರೂ ಜಿಗಿತದ ಹುಟ್ಟನ್ನು ಬಲ್ಲವರಿಗೆ ಅಂಥ ಬಯಲೂರು ಈ ಕಲೆಗೆ ಹೊರಗಿನದೆನಿಸದು: ಬೇಕಾದದ್ದು ಎತ್ತರವಲ್ಲ, ಬಡಿದು ಗಟ್ಟಿಮಾಡಿದ ಮಣ್ಣು. ಅಲ್ಲಿ ಹಾದಿ ಕಟ್ಟುವವರು ಡಬಲ್‌ಗಿಂತ ಮೊದಲು ಟೇಬಲ್‌ಟಾಪ್ ಕಟ್ಟಬೇಕು. ಆಗ ಜಿಗಿತ ಸಾಲದ ಹುಡುಗನ ಚಕ್ರ ಹಳ್ಳಕ್ಕೆ ಇಳಿಯದೆ, ನಡುವಿನ ಮಟ್ಟದ ಮೇಲೆಯೇ ಉರುಳಿ ಮುಂದೆ ಸಾಗುತ್ತದೆ.