ವಿದ್ಯಾದಾನವೂ ರಾಜಧರ್ಮವೂ

ಮಕ್ಕಳಿಗೆ ವಿದ್ಯೆ ಕಲಿಸುವ ಹೊಣೆ ತಂದೆತಾಯಿಗಳದೋ, ಸಮಾಜದ್ದೋ, ಸರಕಾರದ್ದೋ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ವಿದ್ಯಾದಾನವನ್ನು ವ್ರತವಾಗಿ ಕೈಕೊಂಡ ಮಠಗಳ ಭಕ್ತರೂ ಅವುಗಳ ಆಶ್ರಯದಲ್ಲಿ ಓದಿ ಬೆಳೆದವರೂ ಈ ಪ್ರಶ್ನೆಯ ಇತಿಹಾಸವನ್ನು ಅರಿಯುವುದು ಅವಶ್ಯ.

ಆಂಗ್ಲರ ಆಳ್ವಿಕೆಯಲ್ಲಿ 1854ರ ವುಡ್ ನಿರೂಪವು ಖಾಸಗಿ ಶಾಲೆಗಳಿಗೆ ಸಹಾಯಧನ ನೀಡುವ ಪದ್ಧತಿಗೆ ತಳಹದಿ ಹಾಕಿತು. 1882ರಲ್ಲಿ ನೇಮಕಗೊಂಡ ಹಂಟರ್ ಆಯೋಗವು ಪ್ರಾಥಮಿಕ ಶಿಕ್ಷಣವನ್ನು ಸ್ಥಳೀಯ ಸಂಸ್ಥೆಗಳಿಗೂ, ಪ್ರೌಢಶಿಕ್ಷಣವನ್ನು ಆದಷ್ಟು ಮಟ್ಟಿಗೆ ಖಾಸಗಿ ಪ್ರಯತ್ನಕ್ಕೂ ವಹಿಸಬೇಕೆಂದು ಸಲಹೆ ಮಾಡಿತು. ಸಮಾಜದ ಉತ್ಸಾಹಕ್ಕೆ ಇದರಿಂದ ದಾರಿಯೇನೋ ತೆರೆಯಿತು. ಆದರೆ ಯಾವ ಸಂಸ್ಥೆಯ ಕೈಗೂ ಎಟುಕದ ಹಳ್ಳಿಯ ಕೂಸಿನ ಪಾಡೇನು?

ಈ ಪ್ರಶ್ನೆಯನ್ನೆತ್ತಿದವರು ಗೋಪಾಲಕೃಷ್ಣ ಗೋಖಲೆಯವರು. ಸ್ವತಃ ಅವರೇ ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯ ಫರ್ಗ್ಯೂಸನ್ ಕಾಲೇಜಿನಲ್ಲಿ 1902ರವರೆಗೆ ಅಲ್ಪ ವೇತನಕ್ಕೆ ದುಡಿದವರು. ಖಾಸಗಿ ಸಂಸ್ಥೆಯ ಹಿರಿಮೆಯೂ ಅದರ ಮಿತಿಯೂ ಅವರಿಗೆ ಅನುಭವದಿಂದಲೇ ತಿಳಿದಿದ್ದವು. 1911ರ ಮಾರ್ಚಿಯಲ್ಲಿ ಅವರು ಕೇಂದ್ರ ಶಾಸನಸಭೆಯಲ್ಲಿ ಪ್ರಾಥಮಿಕ ಶಿಕ್ಷಣ ಮಸೂದೆಯನ್ನು ಮಂಡಿಸಿದರು. ಅವರು ಕೇಳಿದ್ದು ಅತಿಯಾದುದೇನೂ ಅಲ್ಲ: ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ, ಸ್ಥಳೀಯ ಸಂಸ್ಥೆಗಳು ಸಿದ್ಧವಿರುವ ಕಡೆಗಳಲ್ಲಿ, ಸರಕಾರದ ಒಪ್ಪಿಗೆ ಪಡೆದು ಶಿಕ್ಷಣವನ್ನು ಕಡ್ಡಾಯಗೊಳಿಸುವುದು.

ಎದುರುವಾದಗಳು ಹಲವು ಬಂದವು. ಜನರಿನ್ನೂ ಸಿದ್ಧರಿಲ್ಲ, ಹಣವಿಲ್ಲ, ಬಲವಂತವಿಲ್ಲದೆ ಸಹಾಯಧನದಿಂದಲೇ ಶಾಲೆಗಳನ್ನು ಬೆಳೆಸಬಹುದು ಎಂದು ಸರಕಾರದವರು ವಾದಿಸಿದರು. ಮಕ್ಕಳೆಲ್ಲ ಶಾಲೆಗೆ ಹೋದರೆ ಹೊಲಗೆಲಸಕ್ಕೆ ಯಾರು ಎಂಬುದು ಜಮೀನುದಾರರ ಆತಂಕ. ಬಡೋದೆಯ ಸಯಾಜಿರಾವ್ ಗಾಯಕವಾಡರು ಆಗಲೇ ಉತ್ತರ ಕೊಟ್ಟಿದ್ದರು. 1893ರಲ್ಲಿ ಅಮರೇಲಿ ಪ್ರಾಂತದ ಕೆಲವು ಊರುಗಳಲ್ಲಿ ಆರಂಭಿಸಿದ ಕಡ್ಡಾಯ ಶಿಕ್ಷಣವನ್ನು 1906ರಲ್ಲಿ ಸಂಸ್ಥಾನಕ್ಕೆಲ್ಲ ವಿಸ್ತರಿಸಿದ್ದರು. ಆದರೂ 1912ರ ಮಾರ್ಚಿಯಲ್ಲಿ ಮಸೂದೆಯು 13ಕ್ಕೆ ಎದುರಾಗಿ 38 ಮತಗಳಿಂದ ಬಿದ್ದುಹೋಯಿತು.

ಬಿದ್ದ ಬೀಜ ಮೊಳೆಯದೆ ಹೋಗಲಿಲ್ಲ. ಮರುವರ್ಷವೇ, 1913ರಲ್ಲಿ, ಮೈಸೂರು ಸಂಸ್ಥಾನವು ಪ್ರಾಥಮಿಕ ಶಿಕ್ಷಣದ ಶಾಸನವನ್ನು ಮಾಡಿತು. 1918ರಲ್ಲಿ ಮುಂಬಯಿ ಪ್ರಾಂತವೂ ಅದೇ ಹಾದಿ ಹಿಡಿಯಿತು. ಈ ನಡುವೆ 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಕಟ್ಟಿದರು. ಒಂದೆಡೆ ಶಾಸನ, ಇನ್ನೊಂದೆಡೆ ಸಮಾಜದ ದಾಸೋಹ; ಇವೆರಡೂ ಪರಸ್ಪರ ವಿರೋಧಿಗಳೆಂದು ಭಾವಿಸಲು ಕಾರಣವಿಲ್ಲ.

ಸ್ವತಂತ್ರ ಭಾರತದ ಸಂವಿಧಾನವು 1950ರಲ್ಲಿ, ಹತ್ತು ವರ್ಷಗಳೊಳಗೆ ಹದಿನಾಲ್ಕು ವಯಸ್ಸಿನವರೆಗಿನ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯವು ಪ್ರಯತ್ನಿಸಬೇಕೆಂದು ವಿಧಿಸಿತು. ಆ ಗಡುವು ಕಳೆದುಹೋಯಿತು. 2002ರ ತಿದ್ದುಪಡಿಯಿಂದ ಶಿಕ್ಷಣವು ಮೂಲಭೂತ ಹಕ್ಕಾಯಿತು. 2009ರ ಕಾಯಿದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಗೋಖಲೆಯವರ ಸೋಲಿಗೂ ಈ ದಿನಕ್ಕೂ ನಡುವೆ 98 ವರ್ಷಗಳು! ಅಷ್ಟರಲ್ಲಿ ಅಕ್ಷರವಿಲ್ಲದೆ ಬಾಳು ಸವೆಸಿದವರು ಎಷ್ಟು ಕೋಟಿಯೋ!

ಈ ಇತಿಹಾಸದ ಪಾಠ ಸ್ಪಷ್ಟವಾಗಿದೆ. ದಾನವು ಬಾಗಿಲಿಗೆ ಬಂದವನನ್ನು ಕಾಯುತ್ತದೆ. ಬಾರದವನನ್ನು ಹುಡುಕಿ ಕರೆತರುವುದು ಶಾಸನದ ಕರ್ತವ್ಯ. ಮಠಗಳು ಇವೆಯೆಂದು ಸರಕಾರ ಕೈ ತೊಳೆದುಕೊಳ್ಳಬಾರದು. ಸರಕಾರ ಇದೆಯೆಂದು ಸಮಾಜ ಕೈ ಕಟ್ಟಿ ಕೂಡಬಾರದು. ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ನಾವು, ಮಠದ ಶಾಲೆಗೆ ಕಾಣಿಕೆ ಸಲ್ಲಿಸುವಾಗಲೇ ನಮ್ಮೂರಿನ ಸರಕಾರಿ ಶಾಲೆಯ ಬಾಗಿಲು ತೆರೆದಿದೆಯೇ, ಶಿಕ್ಷಕರು ಇದ್ದಾರೆಯೇ ಎಂದು ಒಮ್ಮೆ ಹೋಗಿ ನೋಡೋಣ. ಗುರುಋಣ ತೀರಿಸಲು ಅದೂ ಒಂದು ದಾರಿಯೇ.