ಬೇಸಿಗೆಯ ಸಂಚಾರ: ಬಾಸೆಲ್ ಮಿಶನ್ನಿನ ತರುಣರೂ ಕನ್ನಡ ನಾಡೂ

ದಾದರಿನ ಗೋಖಲೆ ರಸ್ತೆಯಲ್ಲಿ ಜನರು ‘ಪೋರ್ಚುಗೀಸ್ ಚರ್ಚ್’ ಎಂದು ಕರೆಯುವ ಕ್ರೈಸ್ತ ದೇವಾಲಯವು 1596ರಲ್ಲಿ ಸ್ಥಾಪಿತವಾದುದು. ಚಾರ್ಲ್ಸ್ ಕೊರಿಯಾ ಅವರು ರೂಪಿಸಿದ ಈಗಿನ ಕಟ್ಟಡ 1970ರ ದಶಕದ್ದು. ಬೇಸಿಗೆಯ ರಜೆ ಬಂದಿತೆಂದರೆ ಕ್ರೈಸ್ತ ತರುಣರು ಶಿಬಿರಗಳನ್ನು ಹೂಡುವುದೂ ತಂಡ ಕಟ್ಟಿಕೊಂಡು ಹಳ್ಳಿಗಳಿಗೆ ಸೇವೆಗೆಂದೂ ಉಪದೇಶಕ್ಕೆಂದೂ ಹೊರಡುವುದೂ ನಮಗೆ ಹೊಸತಲ್ಲ. ನೋಡುವವರಲ್ಲಿ ಕೆಲವರು ಮೆಚ್ಚುವರು, ಕೆಲವರು ಹುಬ್ಬು ಗಂಟಿಕ್ಕುವರು. ಈ ಎರಡು ಭಾವಗಳೂ ಕನ್ನಡ ನಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದಿಂದಲೇ ಉಂಟು. ಅವುಗಳ ಮೂಲವನ್ನು ಅರಸುವುದೇ ಈ ಲೇಖನದ ಉದ್ದೇಶ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ ಸಂಸ್ಥೆಗೆ ಹಿಂದೂಸ್ಥಾನದ ಬಾಗಿಲು ತೆರೆದುದು 1833ರ ಸನದಿನಿಂದ. ಅದರಂತೆ ಬ್ರಿಟಿಷರಲ್ಲದ ಪಾದ್ರಿಗಳೂ ಇಲ್ಲಿ ನೆಲೆಸಬಹುದಾಯಿತು. ಮರುವರ್ಷದ ಅಕ್ಟೋಬರದಲ್ಲಿ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರನ್ನು ಸೇರಿದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗರ ವಯಸ್ಸು ಇಪ್ಪತ್ತೈದು. 1853ರಲ್ಲಿ ಬಂದ ಕಿಟ್ಟೆಲ್ಲರದು ಇಪ್ಪತ್ತೊಂದು. ನಾವು ಇವರನ್ನು ಗಡ್ಡದ ಹಿರಿಯರನ್ನಾಗಿ ಚಿತ್ರಪಟಗಳಲ್ಲಿ ಕಂಡು ಬಲ್ಲೆವಾದುದರಿಂದ, ಬಂದಾಗ ಇವರು ಇಂದಿನ ಶಿಬಿರಗಳ ಹುಡುಗರಿಗಿಂತ ಬಹಳ ದೊಡ್ಡವರಾಗಿರಲಿಲ್ಲವೆಂಬುದನ್ನು ಮರೆತುಬಿಡುತ್ತೇವೆ.

ಮಂಗಳೂರು (1834), ಧಾರವಾಡ (1837), ಹುಬ್ಬಳ್ಳಿ (1839), ಬೆಟಗೇರಿ (1841) ಹೀಗೆ ಠಾಣ್ಯಗಳು ಏರ್ಪಟ್ಟವು. ಠಾಣ್ಯದಲ್ಲಿ ಶಾಲೆ, ಮಠ್ಯದ ಹೊರಗೆ ಸಂಚಾರ. ಕರಾವಳಿಯಲ್ಲಿ ಜ್ಯೇಷ್ಠದಿಂದ ಭಾದ್ರಪದದವರೆಗೆ ನೇತ್ರಾವತಿಯೂ ಗುರುಪುರ ಹೊಳೆಯೂ ದಾರಿಗಳನ್ನು ಕಡಿದುಹಾಕುತ್ತಿದ್ದ ಕಾಲವದು. ಆದುದರಿಂದ ಸಂಚಾರಕ್ಕೆ ಒದಗುತ್ತಿದ್ದುದು ಮಳೆ ಹಿಂದೆಗೆದ ಮೇಲಿನ ತಿಂಗಳುಗಳು ಮಾತ್ರ. ತುಳುನಾಡಿನಲ್ಲಿ ದೀಪಾವಳಿಯಿಂದ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ತನಕ ತೇರು, ಕೋಲ, ನೇಮಗಳ ಕಾಲ; ಯಕ್ಷಗಾನ ಮೇಳಗಳ ತಿರುಗಾಟವೂ ಆಗಲೇ. ಪಾದ್ರಿಯೂ ಅವನ ಜೊತೆಗೆ ಒಬ್ಬನೋ ಇಬ್ಬರೋ ದೇಶೀಯ ಉಪದೇಶಿಗಳೂ ಅದೇ ದಾರಿಗಳಲ್ಲಿ, ಅದೇ ಜಾತ್ರೆಗಳಿಗೆ ನಡೆಯುತ್ತಿದ್ದರು. ಭಾಗವತನ ಪದ ಕೇಳಲು ಕೂಡಿದ ಜನವೇ ಇವರ ಮಾತಿಗೂ ಕಿವಿಗೊಡಬೇಕಾಗಿತ್ತು! ಸ್ಪರ್ಧೆ ಸಮಬಲದ್ದಾಗಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಈ ಸಂಚಾರಗಳಿಂದ ಮತಾಂತರವೆಷ್ಟಾಯಿತೆಂದು ಎಣಿಸ ಹೊರಟವನಿಗೆ ನಿರಾಶೆಯೇ ಫಲ. ಗದಗ ಸೀಮೆಯಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ ಒಂದು ಪಂಗಡದವರು ತಾವಾಗಿಯೇ ಪಾದ್ರಿಗಳನ್ನು ಅರಸಿಕೊಂಡು ಬಂದುದುಂಟು. ಮುಂದೆ ಬರಲಿರುವನೆಂದು ತಮ್ಮ ಗುರುಗಳು ಹೇಳಿದ್ದವನು ಇವರ ದೇವರೇ ಇರಬಹುದೆಂದು ಅವರ ಊಹೆ. ಅವರಿಗಾಗಿ ಬೆಟಗೇರಿಯ ಬಳಿ ಮಲಸಮುದ್ರದಲ್ಲಿ ಒಂದು ಬೇಸಾಯದ ವಸತಿಯನ್ನೇ ಮಿಶನ್ ಏರ್ಪಡಿಸಿತು. ಆದರೆ ಬಂದವರು ಅರಸಿದುದೊಂದು, ಬರಮಾಡಿಕೊಂಡವರು ಬಯಸಿದುದು ಇನ್ನೊಂದು. ಆ ಯೋಜನೆ ಕೈಗೂಡಲಿಲ್ಲ. ಕರಾವಳಿಯಲ್ಲಿ ಸಭೆಗೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಜಾತಿಯಿಂದ ಹೊರಬಿದ್ದವನಿಗೆ ಅನ್ನದ ದಾರಿಯೂ ತಪ್ಪುತ್ತಿದ್ದುದರಿಂದ ಮಿಶನ್ ನೇಯ್ಗೆಯ ಕಾರ್ಖಾನೆಯನ್ನೂ, 1865ರ ಸುಮಾರಿಗೆ ಹಂಚಿನ ಕಾರ್ಖಾನೆಯನ್ನೂ ತೆರೆಯಬೇಕಾಯಿತು. ಆ ಮಂಗಳೂರು ಹಂಚು ಹಡಗೇರಿ ಮುಂಬಯಿಗೂ ಬಂದಿತು.

ಹೊರಗಿನ ಸಂಚಾರಕ್ಕಿಂತ ಹೆಚ್ಚಿನ ಕಲಹವನ್ನು ಎಬ್ಬಿಸಿದುದು ಶಾಲೆ. 1844ರ ಜನವರಿ 6ರಂದು ಮಂಗಳೂರಿನಲ್ಲಿ ಮೂವರು ಸಾರಸ್ವತ ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದರು. ಅವರಲ್ಲೊಬ್ಬ ಆನಂದರಾವ್ ಕೌಂಡಿನ್ಯ, ವಯಸ್ಸು ಹದಿನೆಂಟು. ಊರಿನಲ್ಲಿ ಕೋಲಾಹಲವೆದ್ದಿತು. ಮುಂಬಯಿಯಲ್ಲಿ ಇದರ ಪೂರ್ವರಂಗ ಆಗಲೇ ನಡೆದಿತ್ತು. ಜಾನ್ ವಿಲ್ಸನ್ನರ ಶಾಲೆಯ ಇಬ್ಬರು ಪಾರ್ಸಿ ಹುಡುಗರು 1839ರಲ್ಲಿ ಕ್ರೈಸ್ತರಾದಾಗ ವ್ಯಾಜ್ಯ ನ್ಯಾಯಾಲಯವನ್ನು ಮುಟ್ಟಿತ್ತು. 1843ರಲ್ಲಿ ನಾರಾಯಣ ಶೇಷಾದ್ರಿ ಎಂಬ ಬ್ರಾಹ್ಮಣ ತರುಣನು ದೀಕ್ಷೆ ಪಡೆದನು, ಅವನ ತಮ್ಮ ಶ್ರೀಪತಿಯನ್ನು ಮಾತ್ರ ನ್ಯಾಯಾಲಯವು ತಂದೆಗೆ ಒಪ್ಪಿಸಿತು. ಆನಂದರಾಯರು 1846ರಲ್ಲಿ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮಂಗಳೂರಿಗೆ ಮರಳಿದರು. ಕೈಹಿಡಿದ ಹೆಂಡತಿ ಅವರ ಹೊಸ ಬಾಳಿಗೆ ಬರಲಿಲ್ಲ. ಮಿಶನ್ನಿನ ಚರಿತ್ರೆಯನ್ನು ಬರೆದವರು ಆನಂದರಾಯರ ಧೈರ್ಯವನ್ನು ಹೊಗಳುತ್ತಾರೆ, ಅದು ನ್ಯಾಯವೇ. ಬರಲೊಲ್ಲೆನೆಂದ ಆ ಹೆಣ್ಣುಮಗಳದೂ ಒಂದು ಧೈರ್ಯವೆಂದು ಯಾರೂ ಬರೆದಂತೆ ಕಾಣೆ.

ಇನ್ನು ಕನ್ನಡದ ಮಾತು. 1841ರಲ್ಲಿ ಮಂಗಳೂರಿನ ಮುದ್ರಣಾಲಯ ಆರಂಭವಾದಾಗ ಅದರ ಕಲ್ಲಚ್ಚಿನ ಯಂತ್ರವನ್ನು ವೈಗಲ್ ಪಾದ್ರಿಗಳು ಕೊಂಡು ತಂದುದು ಮುಂಬಯಿಯಿಂದ. ಅದನ್ನು ನಡೆಸಲು ಮರಾಠಿ ಕೆಲಸಗಾರರನ್ನೂ ಜೊತೆಗೆ ಕರೆದೊಯ್ದರು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಇಂಥ ಕಲ್ಲಚ್ಚಿನಲ್ಲಿಯೇ ಮೂಡಿತು. ಮುಂಬಯಿ ಕನ್ನಡಿಗರು ಪತ್ರಿಕಾದಿನವನ್ನು ಆಚರಿಸುವಾಗ ಇಷ್ಟನ್ನು ನೆನೆಯಬಹುದು.

ಮೋಗ್ಲಿಂಗರು 1848ರಿಂದ 1853ರವರೆಗೆ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು ಮುಂತಾದುವನ್ನು ಅಚ್ಚು ಹಾಕಿಸಿದರು. ಹಣ ಕೊಟ್ಟವರು ಮದರಾಸು ಸರಕಾರದ ನಿವೃತ್ತ ಅಧಿಕಾರಿ ಕಸಮೇಯರ್. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಜಾತಿಯನ್ನೂ ದೇವರ ಕಲ್ಪನೆಯನ್ನೂ ಖಂಡಿಸಿ ‘ಜಾತಿವಿಚಾರಣೆ’, ‘ದೇವವಿಚಾರಣೆ’ಯಂಥ ಕಿರುಹೊತ್ತಗೆಗಳನ್ನು ಹಂಚುತ್ತಿದ್ದ ಬಳಗವೇ ಪುರಂದರ ಕನಕರ ಪದಗಳನ್ನು ಏಕೆ ಕೂಡಿಸಿತು? ಎದುರಾಳಿಯ ಮತವನ್ನು ಅರಿತು ವಾದಿಸುವುದಕ್ಕಾಗಿ ಎಂಬುದು ರೂಢಿಯ ಉತ್ತರ. ಇದು ಸುಳ್ಳಲ್ಲ, ಆದರೆ ಸಾಲದು. ಜಾತ್ರೆಯಲ್ಲಿ ನಿಂತು ಮಾತಾಡಿದವನಿಗೆ ಹಳ್ಳಿಗನು ಸುಮ್ಮನೆ ಕಿವಿಗೊಡುವುದಿಲ್ಲ. ಗಾದೆಯಿಂದ, ಪದದಿಂದ, ವಚನದಿಂದ ಉತ್ತರ ಕೊಡುತ್ತಾನೆ. ಪೇಟೆಯ ಮುನ್ಷಿಯಿಂದ ಕಲಿತ ಕನ್ನಡ ಅಲ್ಲಿ ಒಂದು ಗಳಿಗೆಯೂ ನಿಲ್ಲದು. ಉಪದೇಶ ಮಾಡಹೋದವರು ಕೇಳುವವರಾದುದು ಹೀಗೆಂದು ನನ್ನ ಎಣಿಕೆ.

ಕಿಟ್ಟೆಲ್ಲರ ವಿಷಯದಲ್ಲಿ ಇದು ಇನ್ನಷ್ಟು ಸ್ಪಷ್ಟ. ಧಾರವಾಡದ ಸೀಮೆಯಲ್ಲಿ ಅವರು ಕುದುರೆಯನ್ನು ಬಿಟ್ಟು ಕಾಲ್ನಡಿಗೆಯಲ್ಲಿ ಹಳ್ಳಿ ತಿರುಗಿದರು. ಕನ್ನಡಿಗರ ನಡುವೆ ಕನ್ನಡಿಗನಾಗಬೇಕೆಂಬುದು ಆ ತರುಣನ ಹಟ. ನಾಲ್ಕು ದಶಕಗಳ ಮೇಲೆ, 1894ರಲ್ಲಿ, ಸುಮಾರು 70,000 ಶಬ್ದಗಳ ನಿಘಂಟು ಮಂಗಳೂರಿನಲ್ಲಿ ಹೊರಬಂದಿತು. ಅದರಲ್ಲಿ ಹಳೆಯ ಕಾವ್ಯಗಳ ಪ್ರಯೋಗಗಳ ಜೊತೆಗೆ ಆಡುಮಾತೂ ಗಾದೆಗಳೂ ಧಾರಾಳವಾಗಿ ಬಂದಿವೆ. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಕಿಟ್ಟೆಲ್ಲರಿಗೆ ಕೊಟ್ಟ ಡಾಕ್ಟರ್ ಪದವಿ ನಿಘಂಟಿಗಾಗಿ. ಹಳ್ಳಿಯ ಸಂಚಾರಕ್ಕಾಗಿ ಅಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಒಂದು ಪುಟದ ಖರ್ಚು ಇನ್ನೊಂದು ಪುಟದ ಜಮೆಯಾಗಿ ಕಾಣುವುದನ್ನು ದಿನವೂ ನೋಡುವ ನನ್ನಂಥವನಿಗೆ ಈ ಎರಡನ್ನು ಬೇರೆ ಬೇರೆ ಖಾತೆಗಳಲ್ಲಿ ಬರೆಯಲು ಮನಸ್ಸು ಬಾರದು.

ಹೀಗೆಂದು ಮಾತ್ರಕ್ಕೆ ನಿಘಂಟನ್ನು ತೋರಿಸಿ ಮನೆ ಒಡೆದ ನೋವನ್ನು ಮುಚ್ಚುವುದು ಸಲ್ಲದು. ಆ ನೋವನ್ನು ಎತ್ತಿ ಹಿಡಿದು ನಿಘಂಟನ್ನು ಒಳಸಂಚೆನ್ನುವುದೂ ಸಲ್ಲದು. ನಮ್ಮ ಸಭೆಗಳಲ್ಲಿ ಇವೆರಡೂ ಕೇಳಿಬರುತ್ತವೆ.

1914ರ ಮಹಾಯುದ್ಧ ಈ ಸಂಚಾರದ ರೂಪವನ್ನು ಬದಲಿಸಿತು. ಜರ್ಮನ್ ಪಾದ್ರಿಗಳು ಶತ್ರುದೇಶದವರೆನಿಸಿ ಅಹಮದನಗರದ ಬಂಧನಶಿಬಿರವನ್ನು ಸೇರಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಸಭೆಗಳನ್ನು ಉಳಿಸಿದವರು ದೇಶೀಯ ಪಾದ್ರಿಗಳು, ಉಪದೇಶಿಗಳು, ಶಾಲೆಯ ಮಾಸ್ತರರು. ಜಾತ್ರೆಗಳಲ್ಲಿ ಮೊದಲಿನಿಂದಲೂ ಹೆಚ್ಚು ಮಾತಾಡಿದವರೂ ಪ್ರಾಯಶಃ ಇವರೇ. ಕನ್ನಡವೋ ತುಳುವೋ ಇವರಿಗೆ ತಾಯ್ನುಡಿಯಾಗಿತ್ತಷ್ಟೆ. ಇವರ ಕುರಿತು ನಮ್ಮಲ್ಲಿ ಬರೆಹ ತೀರ ಕಡಿಮೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಗ್ರಂಥಭಂಡಾರದಲ್ಲಿ ಮಿಶನ್ನಿನ ಹಳೆಯ ಪುಸ್ತಕಗಳೂ ದಾಖಲೆಗಳೂ ಇವೆ. ಆ ಉಪದೇಶಿಗಳ ಮೊಮ್ಮಕ್ಕಳು, ಮರಿಮಕ್ಕಳು ಮುಂಬಯಿಯಲ್ಲಿಯೂ ಇದ್ದಾರೆ. ಅವರ ಮನೆಗಳ ಪೆಟ್ಟಿಗೆಗಳಲ್ಲಿ ಅಜ್ಜನ ದಿನಚರಿಯೋ, ಸಂಚಾರದ ಟಿಪ್ಪಣಿಯೋ, ಒಂದೆರಡು ಕಾಗದಗಳೋ ಉಳಿದಿದ್ದರೆ, ಗೆದ್ದಲಿಗೆ ಕೊಡುವ ಮೊದಲು ಅವುಗಳ ಪ್ರತಿಯನ್ನಾದರೂ ಸಂಘಕ್ಕೆ ತಲಪಿಸಬೇಕೆಂದು ಪ್ರಾರ್ಥನೆ.