ತತ್ವಪದ ಗಾಯನದಲ್ಲಿ ಬೇಸ್ ಗಿಟಾರ್

ಬೇಸ್ ಗಿಟಾರ್: ಸಾಮಾನ್ಯ ಗಿಟಾರಿಗಿಂತ ಒಂದು ಸಪ್ತಕ ಕೆಳಗೆ ನುಡಿಯುವ ವಿದ್ಯುತ್ ತಂತಿವಾದ್ಯ. ಇದಕ್ಕೆ ಹೆಚ್ಚಾಗಿ ನಾಲ್ಕು ದಪ್ಪ ಲೋಹದ ತಂತಿಗಳಿರುತ್ತವೆ. ಇವನ್ನು ಮಂದ್ರದಿಂದ ಮೇಲಕ್ಕೆ ಇ, ಎ, ಡಿ, ಜಿ ಸ್ವರಗಳಿಗೆ ಕೂಡಿಸುತ್ತಾರೆ. ಅತಿ ದಪ್ಪ ತಂತಿಯನ್ನು ಬಿಡಿಯಾಗಿ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಟ್ಟಿ ಹಲಗೆಯ ಈ ವಾದ್ಯಕ್ಕೆ ತಾನಾಗಿ ಸದ್ದು ಮಾಡುವ ಬುರುಡೆಯಿಲ್ಲ. ತಂತಿಯ ಕೆಳಗಿನ ಪಿಕಪ್ ಕಂಪನವನ್ನು ವಿದ್ಯುತ್ತಾಗಿಸುತ್ತದೆ, ಆಂಪ್ಲಿಫೈಯರ್ ಅದನ್ನು ಮತ್ತೆ ನಾದವಾಗಿಸುತ್ತದೆ. ಹೀಗಾಗಿ ಆಂಪ್ಲಿಫೈಯರ್ ಈ ವಾದ್ಯದ ಅರ್ಧ ದೇಹವೇ ಸರಿ.

ಕನ್ನಡದ ಮಟ್ಟಿಗೆ ಈ ವಾದ್ಯದ ಚರಿತ್ರೆಯಲ್ಲಿ ಬಹಳ ಸೊಗಸಾದ ಅಧ್ಯಾಯ ಸಂತಕವಿ ಶಿಶುನಾಳ ಶರೀಫರ ತತ್ವಪದಗಳದು, ಅಂದರೆ ಅನುಭಾವದ ಹಾಡುಗಳದು. ಆ ಅಧ್ಯಾಯದ ನೆಲ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಗುಡಗೇರಿಯ ಸುತ್ತಮುತ್ತಲೇ ಇದೆ. ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆ ಹೊರಟ ಪ್ಯಾಸೆಂಜರ್ ಗಾಡಿ ಕುಂದಗೋಳ, ಸಂಶಿ ದಾಟಿ ಗುಡಗೇರಿಗೆ ಬರುತ್ತದೆ, ಮುಂದಿನದು ಕಳಸ. ಶರೀಫರ ಗುರು ಗೋವಿಂದಭಟ್ಟರು ಈ ಕಳಸದವರು. ಶರೀಫರ (1819–1889) ಶಿಶುನಾಳ ಈಗ ಹಾವೇರಿ ಜಿಲ್ಲೆಗೆ ಸೇರಿದ್ದರೂ ಗುಡಗೇರಿಗೆ ನೆರೆಯ ಸೀಮೆ.

ಇಲ್ಲಿ ಬೇಸ್ ಎಂಬ ಹೆಸರು ಬರುವುದಕ್ಕಿಂತ ಬಹಳ ಮೊದಲೇ ಕೆಳದನಿಯ ಕೆಲಸ ನಡೆದಿತ್ತು. ಏಕತಾರಿ ಒಂದೇ ಸ್ವರವನ್ನು ಬಿಡದೆ ಹಿಡಿದಿರುತ್ತದೆ. ಎಲ್ಲಮ್ಮನ ಹಾಡಿನವರ ಚೌಡಕಿ ತಂತಿಯನ್ನು ಬಿಗಿದು ಸಡಿಲಿಸಿ ಗುಂಯ್ ಎಂದು ಜಾರುವ ದನಿ ಕೊಡುತ್ತದೆ. ಭಜನಿ ಮೇಳದಲ್ಲಿ ಪೇಟಿ, ತಾಳದ ಜತೆ ತಬಲಾ ಇದ್ದರೆ ಎಡಗೈಯ ಡಗ್ಗಾ ನೆಲವನ್ನು ಕಾಯುತ್ತದೆ. ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ತಂಬೂರಿಯ ಖರ್ಜ.

ತಂಬೂರಿಯ ನಾಲ್ಕು ತಂತಿಗಳಲ್ಲಿ ಮೊದಲನೆಯದು ಪಂಚಮ, ರಾಗ ಬೇಡಿದರೆ ಮಧ್ಯಮ. ನಡುವಿನ ಎರಡು ತಂತಿಗಳು ಜೋಡಿ ಷಡ್ಜ. ಕೊನೆಯ ದಪ್ಪ ಹಿತ್ತಾಳೆ ತಂತಿಯೇ ಖರ್ಜ, ಅಂದರೆ ಮಂದ್ರ ಷಡ್ಜ. ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ಎಳೆ ನೂಲು ಸಿಕ್ಕಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದಾಗ ಇದ್ದಕ್ಕಿದ್ದಂತೆ ತಂತಿ ಬಾಯಿ ಬಿಡುತ್ತದೆ. ಅದೇ ಜವಾರಿ. ಒಂದೇ ಮೀಟಿನಲ್ಲಿ ಖರ್ಜದ ಮೇಲೆ ಪಂಚಮ, ಗಾಂಧಾರಗಳು ತಾವಾಗಿ ಎದ್ದು ಕೇಳಿಸುತ್ತವೆ. ಕುಂದಗೋಳದ ಸವಾಯಿ ಗಂಧರ್ವರು (1886–1952) ತಮ್ಮ ಗುರು ಅಬ್ದುಲ್ ಕರೀಂ ಖಾನರಿಂದ ಪಡೆದ ಕಿರಾನಾ ಗಾಯನಶೈಲಿ ಇಂಥ ಸ್ವರದ ಹದದ ಮೇಲೆಯೇ ನಿಂತದ್ದು. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಪಾಠಕ್ಕೆ ಬರುತ್ತಿದ್ದರು. ಗಂಟಲಿನ ಚಿಕಿತ್ಸೆಯ ಬಳಿಕ ಗಂಡುದನಿಯಷ್ಟು ಆಳಕ್ಕಿಳಿದ ತಮ್ಮ ಕಂಠವನ್ನೇ ಅವರು ಕೀರ್ತಿಯಾಗಿಸಿಕೊಂಡರು. ಕೆಳದನಿಯ ಬೆಲೆ ಈ ಸೀಮೆಯ ಕಿವಿಗೆ ಹೊಸದಲ್ಲ.

ಬೇಸ್ ಗಿಟಾರ್ ಹುಟ್ಟಿದ್ದು ಬೇರೆ ತೊಂದರೆಯಿಂದ. ಅಮೆರಿಕದ ಕುಣಿತದ ವಾದ್ಯತಂಡಗಳಲ್ಲಿ ಆಳೆತ್ತರದ ಡಬಲ್ ಬೇಸ್ ನುಡಿಸುವವರಿಗೆ ಅದನ್ನು ಊರೂರಿಗೆ ಹೊತ್ತೊಯ್ಯುವುದೇ ಕಷ್ಟವಾಗಿತ್ತು. ತುತ್ತೂರಿ, ಡ್ರಮ್ಮುಗಳ ನಡುವೆ ಅದರ ದನಿ ಕೇಳಿಸುತ್ತಲೂ ಇರಲಿಲ್ಲ. 1930ರ ದಶಕದಲ್ಲಿ ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ ಗಿಟಾರಿನಂತೆ ಅಡ್ಡ ಹಿಡಿದು ನುಡಿಸುವ ವಿದ್ಯುತ್ ಬೇಸ್ ಮಾಡಿದರೂ ಅದು ಹರಡಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ‘ಪ್ರಿಸಿಷನ್ ಬೇಸ್’ ತಂದ ಮೇಲೆ ಚರಿತ್ರೆ ತಿರುಗಿತು. ಕತ್ತಿನ ಮೇಲೆ ಫ್ರೆಟ್ ಪಟ್ಟಿಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಸಿಗುತ್ತಿತ್ತು. ವಾದ್ಯಕ್ಕೆ ಆ ಹೆಸರು ಬಂದದ್ದು ಅದಕ್ಕೇ. ನುಡಿಯುವ ತಂತಿಯ ಉದ್ದ 34 ಇಂಚು; ಇಂದಿಗೂ ಹೆಚ್ಚಿನ ಬೇಸ್‌ಗಳ ಅಳತೆ ಅದೇ. ಮರುವರ್ಷ ಫೆಂಡರ್ ಕಂಪನಿಯ ‘ಬೇಸ್‌ಮ್ಯಾನ್’ ಆಂಪ್ಲಿಫೈಯರ್ ಬಂತು. 1960ರಲ್ಲಿ ಫೆಂಡರ್ ‘ಜಾಝ್ ಬೇಸ್’ ಮತ್ತು ಆಂಪೆಗ್ ಕಂಪನಿಯ ‘ಬಿ-15’, 1969ರಲ್ಲಿ ಆಂಪೆಗ್‌ನದೇ 300 ವ್ಯಾಟ್‌ನ ‘ಎಸ್‌ವಿಟಿ’ ಬಂದವು. ಎಂಟು ಹತ್ತಿಂಚಿನ ಸ್ಪೀಕರುಗಳ ಪೆಟ್ಟಿಗೆಯ ಜತೆ ಎಸ್‌ವಿಟಿ ಬಯಲು ವೇದಿಕೆಗಳನ್ನು ಗೆದ್ದಿತು.

ವಾದಕರ ಪೈಕಿ ಇಬ್ಬರನ್ನು ಇಲ್ಲಿ ನೆನೆಯಲೇಬೇಕು. ಡೆಟ್ರಾಯಿಟ್‌ನ ಮೋಟೌನ್ ಧ್ವನಿಮುದ್ರಣಗಳ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು, ತಂತಿ ಹಳತಾದಷ್ಟೂ ಒಳ್ಳೆಯದೆಂದು ಬದಲಿಸುತ್ತಲೇ ಇರಲಿಲ್ಲ. ಜಾಕೋ ಪಾಸ್ಟೋರಿಯಸ್ ಫ್ರೆಟ್ ಇಲ್ಲದ ಬೇಸ್‌ನಲ್ಲಿ ಕಂಠದಂತೆ ಹಾಡಿಸಿದರು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿನ ರುಚಿ ಬಲ್ಲ ನಮ್ಮ ಕಿವಿಗೆ ಜಾಕೋ ಬೇಗ ಹತ್ತಿರವಾಗುತ್ತಾರೆ. ಆದರೆ ತತ್ವಪದಕ್ಕೆ ಕಲಿಯಬೇಕಾದ ಪಾಠ ಜೇಮರ್ಸನ್ನರ ಒಂದು ಬೆರಳಿನಲ್ಲೇ ಹೆಚ್ಚಿದೆ.

ಭಾರತದ ಕಿವಿಗೆ ಈ ವಾದ್ಯವನ್ನು ರೂಢಿ ಮಾಡಿಸಿದ್ದು ಸಿನಿಮಾ. ಮುಂಬಯಿಯಲ್ಲಿ ಆರ್.ಡಿ. ಬರ್ಮನ್ನರ ವಾದ್ಯವೃಂದದಲ್ಲಿ ಟೋನಿ ವಾಜ್ ಬೇಸ್ ನುಡಿಸಿದರು. ದಕ್ಷಿಣದಲ್ಲಿ ಇಳೆಯರಾಜಾ ಬೇಸ್ ಸಾಲನ್ನು ಹಾಡಿನ ಅಡಿಯ ಇನ್ನೊಂದು ಹಾಡಿನಂತೆ ಬರೆದರು. 1983ರ ‘ಪಲ್ಲವಿ ಅನು ಪಲ್ಲವಿ’ಯ ಹಾಡುಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ, ಮಾತು ಬಿಟ್ಟು ಕೆಳದನಿಯನ್ನಷ್ಟೇ ಹಿಡಿದು ಕೇಳಬೇಕು, ಕನ್ನಡದಲ್ಲಿ ಬೇಸ್ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಕಡಿಮೆ. ಬೆಂಗಳೂರಿನಲ್ಲಿ 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್, ಅದರ ಬಳಿಕ ಬಂದ ಸ್ವರಾತ್ಮ ಮೊದಲಾದ ತಂಡಗಳು ಬೇಸ್ ವಾದಕರಿಗೆ ಸ್ವಂತ ವೇದಿಕೆ ಕೊಟ್ಟವು.

ಶರೀಫರ ಪದಗಳು ಈ ಹೊತ್ತಿಗೆ ಊರ ಭಜನಿ ಮನೆಯಿಂದ ಹೊರಗೆ ಬಂದಾಗಿತ್ತು. ಸಿ. ಅಶ್ವತ್ಥ್ (1939–2009) ಅವನ್ನು ಸುಗಮ ಸಂಗೀತಕ್ಕೆ ತಂದರು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿ ಅಶ್ವತ್ಥರೇ ಸಂಗೀತ ಕೊಟ್ಟ ‘ಸಂತ ಶಿಶುನಾಳ ಶರೀಫ’ ಚಿತ್ರ ಮನೆಮನೆಗೆ ಮುಟ್ಟಿತು. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿ ನಟಿಸಿದರು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಮುಂದಿನ ಹೆಜ್ಜೆ ಇಟ್ಟರು. ‘ದ ರಘು ದೀಕ್ಷಿತ್ ಪ್ರಾಜೆಕ್ಟ್’ನ 2008ರ ಮೊದಲ ಆಲ್ಬಮ್ಮಿನಲ್ಲಿ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನಿಯ ಮಾಳಿಗಿ’ ಪದಗಳು ಗಿಟಾರ್, ಪಿಟೀಲು, ಡ್ರಮ್ಸ್ ಜತೆ ಬಂದವು. ಆಗ ತಂಡದ ಬೇಸ್ ವಾದಕರಾಗಿದ್ದವರು ಗೌರವ್ ವಾಜ್. ಈ ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ನುಡಿಸಿತು. ಏಕತಾರಿ ಹಿಡಿದ ಜಾಗದಲ್ಲಿ ಬೇಸ್ ಬಂದದ್ದಕ್ಕೆ ಮಡಿವಂತರು ಮುಖ ಸಿಂಡರಿಸಬೇಕಾಗಿಲ್ಲ. ಶರೀಫರ ಪದ ತನ್ನ ಕಾಲದ ಯಾವ ವಸ್ತುವನ್ನೂ ಹೊರಗಿಟ್ಟಿದ್ದಲ್ಲ. ಬಂದ ವಾದ್ಯ ಖರ್ಜದ ಕೆಲಸ ಮಾಡುತ್ತಿದೆಯೋ, ಇಲ್ಲಾ ಹಾಡುವವರ ಮಾತನ್ನು ಮುಚ್ಚುತ್ತಿದೆಯೋ ಎಂಬುದಷ್ಟೇ ನೋಡಬೇಕಾದ್ದು. ತತ್ವಪದದಲ್ಲಿ ಮಾತೇ ದೇವರು.

ಹಾಗೆ ನೋಡಲು ಮೊದಲು ಶ್ರುತಿಯ ಲೆಕ್ಕ ಸರಿಯಾಗಬೇಕು. ಪೇಟಿಯ ಕಾಳಿ ಒಂದಕ್ಕೆ, ಅಂದರೆ ಮೊದಲ ಕಪ್ಪು ಮನೆಯ ಶ್ರುತಿಗೆ ಹಾಡುವ ಗಂಡಸರ ತಂಬೂರಿಯ ಖರ್ಜ ಸುಮಾರು 69 ಹರ್ಟ್ಸ್. ಬೇಸ್‌ನ ಎ ತಂತಿಯ ನಾಲ್ಕನೆಯ ಫ್ರೆಟ್ ಒತ್ತಿದರೆ ಸಿಗುವುದೂ ಅದೇ ಸ್ವರ. ತಂಬೂರಿ ಮತ್ತು ಬೇಸ್ ನಿಜವಾಗಿ ಕೈ ಕುಲುಕುವ ಜಾಗ ಅದು. ಹೊಸಬರು ಅಲ್ಲಿಂದಲೇ ಶುರು ಮಾಡಬೇಕು. ಅದರ ಕೆಳಗಿನ ಸಪ್ತಕದ ಷಡ್ಜ ಬೇಕೆಂದರೆ 34 ಹರ್ಟ್ಸ್ ಹತ್ತಿರ ಇಳಿಯಬೇಕು, ನಾಲ್ಕು ತಂತಿಯ ಬೇಸ್ ಅಷ್ಟು ಇಳಿಯದು. ಕಾಳಿ ಎರಡರ ಗಾಯಕರಿಗೂ ಬಿಡಿ ಇ ತಂತಿ ಅರ್ಧ ಸ್ವರ ಮೇಲೆಯೇ ನಿಂತುಬಿಡುತ್ತದೆ. ಆಗ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಬಹುದು, ಇಲ್ಲವೆ ಬಿ ವರೆಗೆ ಇಳಿಯುವ ಐದು ತಂತಿಯ ಬೇಸ್ ಕೊಳ್ಳಬಹುದು. ಹಳ್ಳಿಯ ಮೇಳಕ್ಕೆ ಮೊದಲ ದಾರಿಯೇ ಒಳ್ಳೆಯದು. ಖರ್ಚಿಲ್ಲ, ಕತ್ತೂ ಕಿರಿದಾಗಿ ಕೈಗೆ ಹಗುರ. ತಂತಿಗೆ ನುಣುಪು ಸುತ್ತಿನ ಫ್ಲಾಟ್‌ವೂಂಡ್ ಹಾಕಿದರೆ ಬೆರಳು ಸರಿದಾಗಿನ ಕಿರ್ರ್ ಸದ್ದು ಇರುವುದಿಲ್ಲ. ಎರೆಸೀಮೆಯ ಬ್ಯಾಸಿಗಿಯಲ್ಲಿ ಮರದ ಕತ್ತು ಬಾಗುವುದುಂಟು. ಅದನ್ನು ನೇರಗೊಳಿಸುವ ಒಳಗಿನ ಟ್ರಸ್ ರಾಡನ್ನು ಅಲೆನ್ ಕೀಯಿಂದ ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ತಿರುಗಿಸಬಾರದು. ತಿರುಗಿಸಿ, ಒಂದು ರಾತ್ರಿ ಬಿಟ್ಟು, ಮತ್ತೆ ನೋಡಬೇಕು.

ಆಂಪ್ಲಿಫೈಯರಿನ ವಿಷಯದಲ್ಲಿ ತಪ್ಪುಗಳು ಹೆಚ್ಚು. ಹಳ್ಳಿಯ ಕಾರ್ಯಕ್ರಮಕ್ಕೆ ಬರುವ ಹಾರ್ನು ಮಾತು ದೂರ ಮುಟ್ಟಿಸಲು ಮಾಡಿದ ಸಾಧನ. ಸುಮಾರು 300 ಹರ್ಟ್ಸ್‌ಗಿಂತ ಕೆಳಗೆ ಅದು ನುಡಿಯುವುದೇ ಇಲ್ಲ. ಬೇಸ್ ವೈರನ್ನು ನೇರ ಅದರ ಸೆಟ್ಟಿಗೆ ಸಿಕ್ಕಿಸಿದರೆ ಮೇಲಿನ ಎಳೆಗಳಷ್ಟೇ ಗೊರಗೊರ ಕೇಳಿ, ಒಳಗಿನ ತೆಳು ಪೊರೆ ಹರಿಯುತ್ತದೆ. ಬೇಸ್‌ಗೆ ಬೇಸ್‌ನದೇ ಕ್ಯಾಬಿನೆಟ್ ಬೇಕು. ಇಪ್ಪತ್ತು ಜನ ಕೂಡುವ ಭಜನಿ ಮನೆಗೆ 30ರಿಂದ 50 ವ್ಯಾಟ್ ಸಾಕು. ಡ್ರಮ್ಸ್ ಇರುವ ಬಯಲು ವೇದಿಕೆಗೆ 200–300 ವ್ಯಾಟ್, ಇಲ್ಲವೆ ವಾದ್ಯದ ಸಂಕೇತವನ್ನು ಮಿಕ್ಸರಿಗೆ ಒಗ್ಗಿಸುವ ಡಿಐ ಬಾಕ್ಸ್ ಮೂಲಕ ಸೌಂಡ್ ಸಿಸ್ಟಮ್‌ನವರ ಸಬ್‌ವೂಫರಿಗೆ ಕೊಡಬೇಕು. ಕೆಳದನಿಗೆ ನಮ್ಮ ಕಿವಿ ಮಂದ, ಅದಕ್ಕೇ ವ್ಯಾಟ್ ಹೆಚ್ಚು ಬೇಕಾಗುತ್ತದೆ. ಇನ್ನೊಂದು ಸಂಗತಿ: 41 ಹರ್ಟ್ಸ್‌ನ ನಾದದ ಅಲೆ ಒಂದಕ್ಕೆ ಎಂಟು ಮೀಟರಿಗಿಂತ ಹೆಚ್ಚು ಉದ್ದ. ಪಡಸಾಲೆಯ ಮೂಲೆಗೆ ಆಂಪ್ ಇಟ್ಟರೆ ಒಂದೆರಡು ಸ್ವರ ಗುಡುಗಿ, ಉಳಿದವು ಕಾಣೆಯಾಗುತ್ತವೆ. ಮೂಲೆಯಿಂದ ಸರಿಸಿ, ಕೇಳುವವರು ಕೂಡುವ ಜಾಗದಲ್ಲೇ ನಿಂತು ಕಿವಿಯಿಂದ ಹದ ಮಾಡಬೇಕು.

ಅರ್ಥಿಂಗ್ ಇಲ್ಲದ ಸಾಕೆಟ್ ಎಲ್ಲಕ್ಕಿಂತ ದೊಡ್ಡ ಅಪಾಯ. ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಬೇಸ್‌ನ ಇ ತಂತಿಯ ಮೂರನೆಯ ಫ್ರೆಟ್ಟಿನ ಜಿ ಸ್ವರದ (49 ಹರ್ಟ್ಸ್) ಪಕ್ಕದಲ್ಲೇ ಕೂತು ಶ್ರುತಿಯನ್ನೆಲ್ಲ ಕೆಡಿಸುತ್ತದೆ. ಶ್ರುತಿ ಕೆಟ್ಟರೆ ತಿದ್ದಬಹುದು. ಆದರೆ ಕೈ ಲೋಹದ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇದ್ದಾಗ ಎರಡು ಸೆಟ್ಟುಗಳ ಅರ್ಥಿಂಗ್ ಬೇರೆ ಬೇರೆಯಾಗಿದ್ದರೆ ಜೀವಕ್ಕೇ ಕುತ್ತು. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಕಿತ್ತು ಸಿಕ್ಕಿಸುವ ರೂಢಿಯನ್ನು ಯಾರೂ ಸಹಿಸಬಾರದು. ಜನರೇಟರ್ ಇಟ್ಟಲ್ಲೂ ಟೆಸ್ಟರ್ ಹಿಡಿದು ನೋಡಿಯೇ ವಾದ್ಯ ಮುಟ್ಟಬೇಕು.

ಕಾನೂನಿನ ಮಿತಿಯನ್ನೂ ಮರೆಯಬಾರದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಅನುಮತಿ ಪಡೆದು ಮುಚ್ಚಿದ ಸಭಾಂಗಣದಲ್ಲಿ ನಡೆಸುವುದು ಬೇರೆ. ಜನವಸತಿಯಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಕೆಳದನಿ ಗೋಡೆ ದಾಟಿ ಬಹುದೂರ ಹೋಗುವುದರಿಂದ ಬೇಸ್ ವಾದಕರ ಮೇಲೆ ಈ ಜವಾಬ್ದಾರಿ ಹೆಚ್ಚು. ರಾತ್ರಿಯಿಡೀ ನಡೆಯುವ ಭಜನಿಯಲ್ಲಿ ಹತ್ತರ ಬಳಿಕ ಬೇಸ್ ಕೆಳಗಿಟ್ಟು ತಂಬೂರಿಗೆ ಮರಳುವುದು ಕಾನೂನಿಗೂ ಹೊಂದುತ್ತದೆ, ಪದಕ್ಕೂ ಹೊಂದುತ್ತದೆ.

ಗುಡಗೇರಿ, ಕಳಸ, ಸಂಶಿಯ ಕಡೆಯ ಹುಡುಗ ಹುಡುಗಿಯರು ಬೇಸ್ ಗಿಟಾರ್ ಕೊಳ್ಳಬೇಕೆಂದಿದ್ದರೆ, ಮೊದಲು ಊರ ಮೇಳದ ಹಿರಿಯರ ಬೆನ್ನಿಗೆ ಒಂದು ತಿಂಗಳು ತಂಬೂರಿ ಹಿಡಿದು ಕೂಡಲಿ. ಆಮೇಲೆ ಅಂಗಡಿಗೆ ಹೋಗಲಿ.